ನೂರು ರೂಪಾಯಿಗೆ ನಲವತ್ತು ಪೈಸೆ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರೆಹರೂಪ)



ಬ್ಯಾಂಕಿನ ಗುಮಾಸ್ತನೊಬ್ಬನು, ಅದರಲ್ಲಿಯೂ ಬಿ.ಕಾಂ. ಓದಿದವನು, ರಸಾಯನಶಾಸ್ತ್ರವನ್ನು ಕುರಿತು ಮಾತನಾಡುವನೆಂದು ಆಹ್ವಾನಪತ್ರಿಕೆಯಲ್ಲಿ ನೋಡಿದಾಗ ನಿಮ್ಮಲ್ಲಿ ಕೆಲವರಿಗಾದರೂ ನಗು ಬಂದಿರಬೇಕು. ಅದು ಸಹಜವೇ. ಆದರೆ ನನ್ನ ಶಾಖೆ ಇರುವುದು ಪುಣೆಯ ಹೊರವಲಯದ ಒಂದು ಕೈಗಾರಿಕಾ ವಸಾಹತಿನ ಅಂಚಿನಲ್ಲಿ. ನಮ್ಮ ಮೇಜಿನ ಮೇಲೆ ಹಾದುಹೋಗುವ ಬಿಲ್ಲುಗಳಲ್ಲಿ ರೆಸಿನ್, ಕ್ಯಾಟಲಿಸ್ಟ್, ಪಿಗ್ಮೆಂಟ್ ಎಂಬ ಹೆಸರುಗಳು ದಿನವೂ ಕಣ್ಣಿಗೆ ಬೀಳುತ್ತವೆ. ಲಕ್ಷಗಟ್ಟಲೆ ರೂಪಾಯಿ ಸಾಲ ಪಡೆದು ಜನರು ಕೊಳ್ಳುವ ಈ ಪದಾರ್ಥ ಏನಿರಬಹುದು ಎಂಬ ಕುತೂಹಲ ಹುಟ್ಟಿತು. ಬಿಡುವಿದ್ದ ಗಿರಾಕಿಗಳನ್ನು ಕೇಳಿದೆ. ಅವರು ಹೇಳಿದ್ದು ಸಾಲದಾದಾಗ ಪುಸ್ತಕಗಳನ್ನು ತೆರೆದೆ. ಹಾಗೆ ತಿಳಿದುಕೊಂಡದ್ದರಲ್ಲಿ ನಿಮಗೂ ರುಚಿಸಬಹುದಾದ ಕೆಲವನ್ನು ಮಾತ್ರ ಇಂದು ನಿಮ್ಮ ಮುಂದೆ ಇಡುತ್ತೇನೆ.

ವಿಷಯ ಮೂರು ಮಾತಿನದು: ಉಂಗುರ, ಸರಪಳಿ, ದಲ್ಲಾಳಿ. ಉಂಗುರವೆಂದರೆ ದೊಡ್ಡ ಬಳೆಯ ಆಕಾರದ ಅಣುಗಳು. ಇವನ್ನು ಮ್ಯಾಕ್ರೊಸೈಕಲ್‌ಗಳೆಂದು ಕರೆಯುತ್ತಾರೆ. ಸರಪಳಿಯೆಂದರೆ ಸಾವಿರಾರು ಕೊಂಡಿಗಳ ಉದ್ದನೆಯ ಅಣುಗಳು, ಇವೇ ಪಾಲಿಮರ್‌ಗಳು. ದಲ್ಲಾಳಿಯೆಂದರೆ ಕ್ಯಾಟಲಿಸ್ಟ್, ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಕ್ರಿಯಾವರ್ಧಕ ಎಂದು ಹೆಸರು. ಮದುವೆಯ ದಲ್ಲಾಳಿ ಎರಡು ಮನೆಯವರನ್ನು ಕೂಡಿಸುತ್ತಾನೆ. ಕೂಡಿಸಿದ ಮೇಲೆ ಅವನು ಆ ಮನೆಯಲ್ಲಿಯೇ ಉಳಿಯುವುದಿಲ್ಲ, ಮತ್ತೊಂದು ಸಂಬಂಧ ಹುಡುಕುತ್ತ ಹೊರಡುತ್ತಾನೆ. ಕ್ರಿಯಾವರ್ಧಕದ ಸ್ವಭಾವವೂ ಇದೇ. ತಾನು ವ್ಯಯವಾಗದೆ ಬೇರೆ ಅಣುಗಳ ಕೂಡಿಕೆಯನ್ನು ಸುಲಭ ಮಾಡಿಕೊಡುತ್ತದೆ.

ಈ ಮೂರಕ್ಕೂ ತಳಹದಿ ಇಂಗಾಲ. ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳೆಂದು ಭಾವಿಸಿರಿ. ಒಂದರ ಕೈಯನ್ನು ಮತ್ತೊಂದು ಹಿಡಿದು ಸಾಲಾಗಿ ನಿಂತರೆ ಸರಪಳಿ. ಸಾಲಿನ ಕೊನೆಯದು ಮೊದಲಿನದರ ಕೈಯನ್ನು ಹಿಡಿದರೆ ಉಂಗುರ. ಹೇಳುವುದಕ್ಕೆ ಇಷ್ಟು ಸುಲಭವಾದರೂ ಮಾಡುವುದು ಸುಲಭವಲ್ಲ. ಎರಡು ತುದಿಗಳಲ್ಲಿಯೂ ಕೊಕ್ಕೆಯಿರುವ ದಾರದ ತುಂಡುಗಳನ್ನು ಒಂದು ಡಬ್ಬಿಯಲ್ಲಿ ತುಂಬಿ ಕುಲುಕಿದರೆ ಏನಾಗುತ್ತದೆ? ಒಂದರ ಕೊಕ್ಕೆ ಮತ್ತೊಂದರ ಕೊಕ್ಕೆಗೆ ಸಿಕ್ಕಿಕೊಂಡು ಉದ್ದ ಸರಪಳಿಯಾಗುತ್ತದೆಯೇ ಹೊರತು ತನ್ನ ಬಾಲವನ್ನು ತಾನೇ ಹಿಡಿಯುವ ದಾರ ಅಪರೂಪ. ದೊಡ್ಡ ಡಬ್ಬಿಯಲ್ಲಿ ನಾಲ್ಕಾರು ತುಂಡುಗಳನ್ನು ಮಾತ್ರ ಹಾಕಿದರೆ ನೆರೆಯವರು ಸಿಕ್ಕದೆ, ತಲೆ ತನ್ನ ಬಾಲವನ್ನೇ ಹುಡುಕಿಕೊಳ್ಳುತ್ತದೆ. ಆದುದರಿಂದ ದೊಡ್ಡ ಉಂಗುರ ಬೇಕಾದವರು ದ್ರಾವಣವನ್ನು ಬಹಳ ತೆಳ್ಳಗೆ ಮಾಡಿಕೊಳ್ಳುತ್ತಾರೆ. ಸರಪಳಿ ಬೇಕಾದವರು ಗಟ್ಟಿಯಾಗಿ ಇಟ್ಟುಕೊಳ್ಳುತ್ತಾರೆ. ವಿಜ್ಞಾನಿಗಳ ದೊಡ್ಡ ಮಾತುಗಳ ಹಿಂದೆ ಎಷ್ಟೋ ವೇಳೆ ಇಷ್ಟೇ ಸರಳವಾದ ಯುಕ್ತಿ ಇರುತ್ತದೆ.

ದೊಡ್ಡ ಉಂಗುರಗಳು ನಿಲ್ಲಲಾರವು, ಮುರಿದುಹೋಗುವುವು ಎಂದೇ ಒಂದು ಕಾಲದಲ್ಲಿ ಪಂಡಿತರ ಅಭಿಪ್ರಾಯವಾಗಿದ್ದಿತು. ಅದನ್ನು ಸುಳ್ಳುಮಾಡಿದ ಪದಾರ್ಥ ನಮಗೆ ಬಹು ಪರಿಚಿತವಾದುದು: ಕಸ್ತೂರಿ. ನಮ್ಮ ನುಡಿಯನ್ನು ಕಸ್ತೂರಿಗೆ ಹೋಲಿಸಿ ಹೆಮ್ಮೆಪಡುವ ನಮಗೆ ಆ ಪರಿಮಳದ ಗುಟ್ಟು ತಿಳಿದಿರಬೇಕಲ್ಲವೆ? 1926ರಲ್ಲಿ ಲಿಯೋಪೋಲ್ಡ್ ರುಜಿಚ್ಕಾ ಎಂಬ ರಸಾಯನಜ್ಞರು ಕಸ್ತೂರಿಯ ಪರಿಮಳದ ಅಣು 15 ಇಂಗಾಲಗಳ ಉಂಗುರವೆಂದೂ, ಪುನುಗಿನ ಪರಿಮಳದ ಅಣು 17 ಇಂಗಾಲಗಳ ಉಂಗುರವೆಂದೂ ತೋರಿಸಿಕೊಟ್ಟರು. 1939ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಉಂಗುರ ಕಟ್ಟುವ ವಿದ್ಯೆ ಕೈಗೆ ಬಂದ ಮೇಲೆ ಪರಿಮಳಕ್ಕಾಗಿ ಮೃಗವನ್ನು ಕೊಲ್ಲಬೇಕಾದ ಅಗತ್ಯ ಉಳಿಯಲಿಲ್ಲ. ನಮ್ಮ ದೇಶದಲ್ಲಿ ಕಸ್ತೂರಿ ಮೃಗಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಕಾಯಿದೆ ಒಂದು ಕಡೆಯಿಂದ ಮೃಗವನ್ನು ಕಾಯುತ್ತದೆ, ರಸಾಯನಶಾಸ್ತ್ರ ಇನ್ನೊಂದು ಕಡೆಯಿಂದ.

ಉಂಗುರಗಳಲ್ಲಿ ಇನ್ನೊಂದು ಬಗೆಯುಂಟು. ಅವುಗಳ ನಡುವೆ, ಉಂಗುರದಲ್ಲಿ ಹರಳು ಕೂಡಿಸಿದಂತೆ, ಒಂದು ಲೋಹದ ಪರಮಾಣು ಕುಳಿತಿರುತ್ತದೆ. ನಮ್ಮ ರಕ್ತವನ್ನು ಕೆಂಪಾಗಿಸುವ ಹೀಮ್ ಎಂಬ ಅಣುವಿನ ನಡುವೆ ಇರುವುದು ಕಬ್ಬಿಣ. ವೀಳ್ಯದೆಲೆಯನ್ನು ಹಸಿರಾಗಿಸುವ ಕ್ಲೋರೊಫಿಲ್ಲಿನ ನಡುವೆ ಇರುವುದು ಮೆಗ್ನೀಸಿಯಂ. ಸಸ್ಯಾಹಾರಿಗಳಿಗೆ ಕಡಿಮೆಯಾಗಿದೆಯೆಂದು ವೈದ್ಯರು ಆಗಾಗ ಹೇಳುವ ಬಿ-12 ಜೀವಸತ್ವದ ನಡುವೆ ಇರುವುದು ಕೋಬಾಲ್ಟ್. ಎಲೆಯ ಹಸಿರಿಗೂ ನೆತ್ತರಿನ ಕೆಂಪಿಗೂ ಉಂಗುರದ ಅಚ್ಚು ಬಹುಮಟ್ಟಿಗೆ ಒಂದೇ. ನಡುವಿನ ಹರಳು ಬೇರೆ, ಕೆಲಸ ಬೇರೆ. ಇವನ್ನು ಪ್ರಯೋಗಶಾಲೆಯಲ್ಲಿ ಕಟ್ಟಲು ಮನುಷ್ಯನು ಪಟ್ಟ ಶ್ರಮ ಅಲ್ಪವಲ್ಲ. ಜರ್ಮನಿಯ ಹಾನ್ಸ್ ಫಿಷರರು 1929ರಲ್ಲಿ ರಕ್ತದ ಉಂಗುರವನ್ನು ಕಟ್ಟಿದರು. ಅಮೆರಿಕದ ವುಡ್‌ವರ್ಡರು 1960ರಲ್ಲಿ ಎಲೆಯ ಉಂಗುರವನ್ನು ಕಟ್ಟಿದರು. ಬಿ-12ನ್ನು ಕಟ್ಟುವ ಕೆಲಸಕ್ಕೆ ವುಡ್‌ವರ್ಡರೂ ಸ್ವಿಟ್ಜರ್ಲೆಂಡಿನ ಎಷೆನ್‌ಮೋಸರರೂ ಕೂಡಿ, ಸುಮಾರು ನೂರು ಮಂದಿ ಸಹಾಯಕರೊಡನೆ ಹನ್ನೊಂದು ಹನ್ನೆರಡು ವರ್ಷ ದುಡಿಯಬೇಕಾಯಿತು. ಹಸು ಮೇಯುವ ಹುಲ್ಲಿನಲ್ಲಿ, ಕೆರೆಯ ಪಾಚಿಯಲ್ಲಿ ಇಂಥ ಉಂಗುರಗಳು ಸದ್ದಿಲ್ಲದೆ ಸಿದ್ಧವಾಗುತ್ತಿರುವುದನ್ನು ನೆನೆದರೆ ನಮ್ಮ ಗರ್ವ ಇಳಿಯುತ್ತದೆ.

ಇಲ್ಲಿಂದ ನನ್ನ ಮಾತಿನ ಮುಖ್ಯ ಭಾಗ. ಬ್ಯಾಂಕಿನ ಕೆಲಸದಲ್ಲಿ ಒಂದು ನಿಯಮವಿದೆ. ಸಾಯಂಕಾಲ ನಗದು ಹೊಂದಿಸುವಾಗ ಹಣ ಕಡಿಮೆ ಬಿದ್ದರೆ ಹುಡುಕಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಹೆಚ್ಚಿಗೆ ಬಂದರೂ ಹುಡುಕಬೇಕು. ಹೆಚ್ಚಿಗೆ ಬಂದ ಹತ್ತು ರೂಪಾಯಿಯೂ ಯಾರದೋ ದುಡ್ಡು. ಅದು ಯಾರದೆಂದು ಗೊತ್ತಾಗುವವರೆಗೆ ಅದನ್ನು ಸಸ್ಪೆನ್ಸ್ ಖಾತೆಯಲ್ಲಿ ಬರೆದಿಡಬೇಕು. ಸಣ್ಣದೆಂದು ಕಿಸೆಗೆ ಹಾಕಿಕೊಳ್ಳುವಂತಿಲ್ಲ, ಕಸವೆಂದು ಗುಡಿಸುವಂತೆಯೂ ಇಲ್ಲ. ಲೆಕ್ಕಕ್ಕೆ ಸಿಕ್ಕದ ಉಳಿಕೆ ಎಷ್ಟೇ ಅಲ್ಪವಾದರೂ ಅದು ಏನನ್ನೋ ಹೇಳುತ್ತಿದೆ ಎಂಬುದು ಈ ನಿಯಮದ ಅರ್ಥ. ರಸಾಯನಶಾಸ್ತ್ರದ ಪುಸ್ತಕಗಳನ್ನು ಓದುತ್ತ ಹೋದಂತೆ, ಉಂಗುರ ಸರಪಳಿಗಳ ಚರಿತ್ರೆಯಲ್ಲಿ ಈ ನಿಯಮವೇ ಮೂರು ಸಲ ಕಾಣಿಸಿಕೊಂಡದ್ದನ್ನು ನೋಡಿ ನನಗೆ ಆಶ್ಚರ್ಯವಾಯಿತು. ಆ ಮೂರು ಕಥೆಗಳನ್ನು ಹೇಳುತ್ತೇನೆ.

ಮೊದಲನೆಯದು 1928ರದು. ಸ್ಕಾಟ್ಲೆಂಡಿನ ಗ್ರೇಂಜ್‌ಮತ್ ಎಂಬ ಊರಿನಲ್ಲಿ ಬಣ್ಣದ ಕಾರ್ಖಾನೆಯೊಂದಿದ್ದಿತು. ಅಲ್ಲಿ ಗಾಜಿನ ಲೇಪವಿದ್ದ ಕಬ್ಬಿಣದ ಪಾತ್ರೆಯಲ್ಲಿ ಥ್ಯಾಲಿಮೈಡ್ ಎಂಬ ಬಿಳಿಯ ಪದಾರ್ಥವನ್ನು ತಯಾರಿಸುತ್ತಿದ್ದರು. ಒಮ್ಮೆ ಆ ಬಿಳುಪಿನಲ್ಲಿ ನೀಲಿ ಹಸಿರು ಬಣ್ಣದ ಕಲೆ ಕಾಣಿಸಿಕೊಂಡಿತು. ಪಾತ್ರೆಯ ಒಳಲೇಪ ಬಿರುಕುಬಿಟ್ಟು, ಒಳಗಿನ ಪದಾರ್ಥಕ್ಕೆ ಕಬ್ಬಿಣ ತಗುಲಿದ್ದಿತು. ಸರಕು ಕೆಟ್ಟಿತೆಂದು ಚೆಲ್ಲಿ, ಪಾತ್ರೆಯನ್ನು ರಿಪೇರಿ ಮಾಡಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿದ್ದಿತು. ಇಂಥದೇ ನೀಲಿ 1907ರಲ್ಲಿಯೂ 1927ರಲ್ಲಿಯೂ ಬೇರೆ ರಸಾಯನಜ್ಞರ ಕಣ್ಣಿಗೆ ಬಿದ್ದು, ಅದರ ರಚನೆಯ ಗುಟ್ಟು ಬಯಲಾಗದೆ ಉಳಿದಿದ್ದಿತು. ಗ್ರೇಂಜ್‌ಮತ್ತಿನವರು ಮಾತ್ರ ಆ ಕಲೆಯ ಬೆನ್ನುಹತ್ತಿದರು. ಲಂಡನ್ನಿನ ಲಿನ್‌ಸ್ಟೆಡ್ ಎಂಬ ವಿದ್ವಾಂಸರು ಕೆಲವೇ ವರ್ಷಗಳಲ್ಲಿ ಅದರ ಒಳಗುಟ್ಟನ್ನು ಬಿಡಿಸಿದರು. ಅದು ನೆತ್ತರಿನ ಉಂಗುರಕ್ಕೆ ಸೋದರಸಂಬಂಧಿಯಾದ ಒಂದು ಉಂಗುರ, ನಡುವೆ ಕಬ್ಬಿಣ. ಕಬ್ಬಿಣದ ಬದಲು ತಾಮ್ರವನ್ನು ಕೂರಿಸಿದಾಗ ಬಿಸಿಲಿಗೂ ಆಮ್ಲಕ್ಕೂ ಬಾಡದ ಸೊಗಸಾದ ನೀಲಿ ದೊರೆಯಿತು. ತಾಮ್ರದ ಥ್ಯಾಲೊಸಯನಿನ್ ಎಂದು ಅದರ ಹೆಸರು. ಇಂದು ಬಣ್ಣದ ಚಿತ್ರವನ್ನು ಮುದ್ರಿಸುವ ಯಂತ್ರಗಳಲ್ಲಿ ನೀಲಿ ಶಾಯಿಗೆ ಹಾಕುವ ವರ್ಣ ಸಾಮಾನ್ಯವಾಗಿ ಇದೇ. ಸಂಚಿಕೆಗಳ ಹೊದಿಕೆಯ ಮೇಲೆ ಆಕಾಶವನ್ನೋ ತುಂಗಭದ್ರೆಯನ್ನೋ ನೀಲಿಯಾಗಿ ಕಂಡಾಗ, ಒಡೆದ ಪಾತ್ರೆಯೊಂದರ ಕಲೆಯನ್ನು ನೆನೆಯಿರಿ.

ಎರಡನೆಯ ಕಥೆ 1953ರದು, ಜರ್ಮನಿಯ ಮ್ಯೂಲ್‌ಹೈಮ್ ಪಟ್ಟಣದ್ದು. ಅಲ್ಲಿಯ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯ ನಿರ್ದೇಶಕರು ಕಾರ್ಲ್ ಸೀಗ್ಲರ್. ಎಥಿಲೀನ್ ಎಂಬ ಅನಿಲದ ಪುಟ್ಟ ಅಣುಗಳನ್ನು ಒಂದಕ್ಕೊಂದು ಪೋಣಿಸಿ ಉದ್ದನೆಯ ಸರಪಳಿ ಮಾಡಬೇಕೆಂಬುದು ಅವರ ಯತ್ನ. ಆ ಮೊದಲು ಇದನ್ನು ಮಾಡಲು ವಾಯುಮಂಡಲದ ಒತ್ತಡಕ್ಕಿಂತ ಸಾವಿರ ಪಾಲು ಮಿಗಿಲಾದ ಒತ್ತಡ ಬೇಕಾಗಿದ್ದಿತು. ಸೀಗ್ಲರರು ಅಲ್ಯೂಮಿನಿಯಂ ಸಂಯುಕ್ತದ ಸಹಾಯದಿಂದ ಸ್ವಲ್ಪ ಉದ್ದದ ಸರಪಳಿಗಳನ್ನು ಪಡೆಯುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಸರಪಳಿ ಬೆಳೆಯಲೇ ಇಲ್ಲ. ಎರಡೆರಡು ಅಣುಗಳು ಜೊತೆಗೂಡಿ ಅಷ್ಟಕ್ಕೇ ನಿಂತುಬಿಟ್ಟವು. ಪ್ರಯೋಗ ಕೆಟ್ಟಿತೆಂದು ಪಾತ್ರೆ ತೊಳೆದು ಮತ್ತೆ ಆರಂಭಿಸಬಹುದಾಗಿದ್ದಿತು. ಅವರು ಹಾಗೆ ಮಾಡದೆ ಕಾರಣವನ್ನು ಹುಡುಕಿದರು. ಹಿಂದಿನ ಕೆಲಸದಿಂದ ಪಾತ್ರೆಯ ಗೋಡೆಗೆ ಅಂಟಿ ಉಳಿದಿದ್ದ ನಿಕ್ಕಲ್ ಲೋಹದ ಅತ್ಯಲ್ಪ ಅಂಶವೇ ಈ ಕಿತಾಪತಿ ಮಾಡಿದುದೆಂದು ತಿಳಿದುಬಂದಿತು.

ಆಗ ಅವರಿಗೆ ತೋಚಿದ ಪ್ರಶ್ನೆ ನಿಜವಾದ ವಿಜ್ಞಾನಿಯದು. ಒಂದು ಲೋಹದ ಕಣ ಸರಪಳಿಯನ್ನು ತಡೆಯಬಲ್ಲುದಾದರೆ, ಬೇರೊಂದು ಲೋಹದ ಕಣ ಅದನ್ನು ಬೆಳೆಸಬಾರದೇಕೆ? ಒಂದೊಂದಾಗಿ ಲೋಹಗಳನ್ನು ಪರೀಕ್ಷಿಸಿದರು. ಜಿರ್ಕೋನಿಯಂ ಒಳ್ಳೆಯ ಫಲ ಕೊಟ್ಟಿತು. ಟೈಟೇನಿಯಂ ಅದಕ್ಕಿಂತ ಮಿಗಿಲಾಯಿತು. ಆ ವರ್ಷದ ಕೊನೆಯೊಳಗೆ, ಹೆಚ್ಚಿನ ಒತ್ತಡವೇ ಇಲ್ಲದೆ, ಸಾಧಾರಣ ಪಾತ್ರೆಯಲ್ಲಿ ಗಟ್ಟಿಯಾದ ಪಾಲಿಥೀನ್ ದೊರೆಯಿತು.

ಮರುವರ್ಷ 1954ರಲ್ಲಿ ಇಟಲಿಯ ಮಿಲಾನಿನಲ್ಲಿ ಜೂಲಿಯೊ ನಟ್ಟಾ ಎಂಬವರು ಇದೇ ಬಗೆಯ ದಲ್ಲಾಳಿಯನ್ನು ಪ್ರೊಪಿಲೀನ್ ಅನಿಲಕ್ಕೆ ಪ್ರಯೋಗಿಸಿದರು. ಹೂವಾಡಗಿತ್ತಿ ಎಲ್ಲ ಹೂಗಳ ಮುಖವನ್ನೂ ಒಂದೇ ಕಡೆಗೆ ಮಾಡಿ ಮಾಲೆ ಕಟ್ಟುವಂತೆ, ಈ ದಲ್ಲಾಳಿ ಸರಪಳಿಯ ಪಕ್ಕದ ಕವಲುಗಳನ್ನೆಲ್ಲ ಒಂದೇ ಕಡೆಗೆ ತಿರುಗಿಸಿ ಪೋಣಿಸಿತು. ಕವಲುಗಳು ಅಡ್ಡಾದಿಡ್ಡಿಯಾಗಿದ್ದರೆ ಸಿಕ್ಕುವುದು ಅಂಟಂಟಾದ ಮುದ್ದೆ. ಒಂದೇ ಕಡೆಗಿದ್ದರೆ ಅಕ್ಕಿಯ ಮೂಟೆಯನ್ನು ತಾಳುವ ಚೀಲ, ಕೂರುವ ಕುರ್ಚಿ. ಪದಾರ್ಥ ಒಂದೇ, ಜೋಡಣೆಯ ಶಿಸ್ತು ಮಾತ್ರ ಬೇರೆ. ಈ ಶಿಸ್ತಿಗೆ ಹೆಸರಿಟ್ಟವರು ರಸಾಯನಜ್ಞರಲ್ಲ, ನಟ್ಟಾ ಅವರ ಪತ್ನಿ ರೊಸಿತಾ ಬೆಯಾತಿ. ಅವರು ಸಾಹಿತ್ಯ ಓದಿದವರು. ಗ್ರೀಕ್ ಪದಗಳನ್ನು ಕೂಡಿಸಿ ಐಸೊಟ್ಯಾಕ್ಟಿಕ್ ಮುಂತಾದ ಹೆಸರುಗಳನ್ನು ಕೊಟ್ಟರು. ಭಾಷೆ ಬಲ್ಲವರಿಗೆ ವಿಜ್ಞಾನದ ಮನೆಯಲ್ಲಿ ಕೆಲಸವಿಲ್ಲವೆಂದು ಯಾರು ಹೇಳಿಯಾರು? ಸೀಗ್ಲರ್ ನಟ್ಟಾ ಇಬ್ಬರಿಗೂ 1963ರಲ್ಲಿ ನೊಬೆಲ್ ಬಂದಿತು. ಈ ಸರಪಳಿಗಳು ಕೊಳೆಯದೆ ಹೊಲ, ಹೊಳೆ, ಹಸುವಿನ ಹೊಟ್ಟೆಗಳನ್ನು ಸೇರುತ್ತಿರುವುದೂ ಸತ್ಯ. ಕಟ್ಟುವ ವಿದ್ಯೆಯನ್ನು ಕಲಿತಷ್ಟು ಬೇಗ ಬಿಚ್ಚುವ ವಿದ್ಯೆಯನ್ನು ನಾವು ಕಲಿಯಲಿಲ್ಲ. ಅದು ಮುಂದಿನ ತಲೆಮಾರಿಗೆ ಉಳಿದಿರುವ ಬಾಕಿ.

ಮೂರನೆಯ ಕಥೆಯ ನಾಯಕರು ಚಾರ್ಲ್ಸ್ ಪೆಡರ್ಸನ್. ಇವರ ಬಾಳನ್ನು ನಮ್ಮಂಥ ಪರಸ್ಥಳದವರು ವಿಶೇಷವಾಗಿ ತಿಳಿಯಬೇಕು. ತಂದೆ ನಾರ್ವೆಯವರು, ತಾಯಿ ಜಪಾನಿನವರು. ಹುಟ್ಟಿದ್ದು 1904ರಲ್ಲಿ ಕೊರಿಯದ ಬೂಸಾನಿನಲ್ಲಿ. ಎಂಟನೆಯ ವಯಸ್ಸಿಗೇ ಶಾಲೆಗಾಗಿ ಜಪಾನಿಗೆ ಹೋದರು. ಕಾಲೇಜಿಗಾಗಿ ಅಮೆರಿಕಕ್ಕೆ ಹೋದರು. ಅಲ್ಲಿ ಎಂ.ಎಸ್ಸಿ.ಗೆ ಸಮನಾದ ಪದವಿ ಪಡೆದ ಮೇಲೆ ಡಾಕ್ಟರೇಟಿಗೆ ನಿಲ್ಲೆಂದು ಗುರುಗಳು ಹೇಳಿದರು. ಇನ್ನೂ ತಂದೆಯ ದುಡ್ಡಿನಲ್ಲಿ ಓದುವುದು ಬೇಡವೆಂದು ಅವರು 1927ರಲ್ಲಿ ಡುಪಾಂಟ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. 42 ವರ್ಷ ಅಲ್ಲಿಯೇ ದುಡಿದು 1969ರಲ್ಲಿ ನಿವೃತ್ತರಾದರು. ಮನೆಯ ಜವಾಬ್ದಾರಿಯಿಂದ ಓದು ನಿಲ್ಲಿಸಿ ನೌಕರಿಗೆ ಸೇರಿದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರಿ ಎಂದು ನಾನು ಕೇಳಬೇಕಾಗಿಲ್ಲ.

1961ರಲ್ಲಿ ಪೆಡರ್ಸನ್ನರಿಗೆ 56 ವರ್ಷ. ವನೇಡಿಯಂ ಲೋಹದ ಕ್ರಿಯಾವರ್ಧಕ ಗುಣವನ್ನು ತಿದ್ದಬಲ್ಲ ಒಂದು ಅಣುವನ್ನು ಕಟ್ಟಲು ಅವರು ಹೊರಟಿದ್ದರು. ಅದಕ್ಕಾಗಿ ತೆಗೆದುಕೊಂಡ ಕಚ್ಚಾ ಪದಾರ್ಥದಲ್ಲಿ ಸುಮಾರು ನೂರಕ್ಕೆ ಹತ್ತರಷ್ಟು ಕ್ಯಾಟೆಕಾಲ್ ಎಂಬ ಬೇರೆ ಪದಾರ್ಥ ಬೆರೆತಿದ್ದಿತು. ಅವರಿಗೆ ಅದು ಗೊತ್ತಿದ್ದಿತು. ಕೊನೆಯಲ್ಲಿ ಶುದ್ಧಿ ಮಾಡಿಕೊಂಡರಾಯಿತೆಂದು ಮುಂದುವರಿಸಿದರು. ಕೊನೆಗೆ ಸಿಕ್ಕಿದುದು ಜಿಗುಟಾದ ಕಂದುಮುದ್ದೆ. ಅದನ್ನು ಶೋಧಿಸುವಾಗ ರೇಷ್ಮೆಯ ಎಳೆಗಳಂತೆ ಬೆಳ್ಳಗಿದ್ದ ಕೆಲವು ಹರಳುಗಳು ದೊರೆತವು. ಲೆಕ್ಕ ಹಾಕಿದರೆ ಇಳುವರಿ ನೂರಕ್ಕೆ 0.4. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನೂರು ರೂಪಾಯಿಗೆ ನಲವತ್ತು ಪೈಸೆ.

ಅವರಿಗೆ ಬೇಕಾಗಿದ್ದ ಪದಾರ್ಥ ಇದಲ್ಲ. ಆದರೂ ಅವರು ಅದನ್ನು ಚೆಲ್ಲಲಿಲ್ಲ. ಪರೀಕ್ಷಿಸಿದಾಗ ಒಂದು ವಿಚಿತ್ರ ಕಂಡಿತು. ಆ ಹರಳು ಮೆಥನಾಲಿನಲ್ಲಿ ಬಹಳ ಕಷ್ಟದಿಂದ ಕರಗುತ್ತಿದ್ದಿತು. ಸೋಡಿಯಂ ಇರುವ ಲವಣವನ್ನು ಒಂದಿಷ್ಟು ಹಾಕಿದರೆ ಸಲೀಸಾಗಿ ಕರಗಿಬಿಡುತ್ತಿದ್ದಿತು. ಉಪ್ಪಿಗೂ ಇದಕ್ಕೂ ಏನು ನಂಟು? ಅಣುವಿನ ಅಳತೆ ನೋಡಿದರು. 12 ಇಂಗಾಲ, 6 ಆಮ್ಲಜನಕ, ಒಟ್ಟು 18 ಪರಮಾಣುಗಳು ಬಳೆಯಂತೆ ಸುತ್ತಿಕೊಂಡ ಉಂಗುರ ಅದಾಗಿದ್ದಿತು. ನಡುವಿನ ಬರಿದಾದ ಜಾಗದಲ್ಲಿ ಉಪ್ಪಿನ ಲೋಹದ ಕಣ, ಅಂದರೆ ಅಯಾನು, ಬಂದು ಕುಳಿತಿದ್ದಿತು. ಮಾದರಿ ಮಾಡಿ ನೋಡಿದಾಗ ಅಯಾನಿಗೆ ಕಿರೀಟ ತೊಡಿಸಿದಂತೆ ಕಂಡಿತು. ಆದುದರಿಂದ ಇಂಥ ಅಣುಗಳಿಗೆ ಅವರು ಕ್ರೌನ್, ಅಂದರೆ ಕಿರೀಟ ಎಂದೇ ಹೆಸರಿಟ್ಟರು. ಹುಡುಕುತ್ತ ಹೋದಂತೆ ಉಂಗುರದ ಅಳತೆಗೂ ಅತಿಥಿಯ ಅಳತೆಗೂ ಇರುವ ಹೊಂದಿಕೆ ಗೊತ್ತಾಯಿತು. 18ರ ಉಂಗುರಕ್ಕೆ ಪೊಟಾಸಿಯಂ ಚೆನ್ನಾಗಿ ಹೊಂದುತ್ತದೆ, 15ರದಕ್ಕೆ ಸೋಡಿಯಂ, 12ರದಕ್ಕೆ ಲಿಥಿಯಂ. ಅತಿಥಿಗೆ ತಕ್ಕ ಮಣೆ!

ಇನ್ನೊಂದು ಸ್ವಾರಸ್ಯವಿದೆ. ದೊಡ್ಡ ಉಂಗುರ ತಾನಾಗಿ ಆಗುವುದು ಕಷ್ಟವೆಂದು ಮೊದಲೇ ಹೇಳಿದೆನಷ್ಟೆ. ಪೆಡರ್ಸನ್ನರ ಪಾತ್ರೆಯಲ್ಲಿ ಅದು ಆದುದು ಹೇಗೆ? ಅಲ್ಲಿದ್ದ ಸೋಡಿಯಂ ಅಯಾನನ್ನು ಅಪ್ಪಿಕೊಂಡು ದಾರ ಸುತ್ತಿಕೊಂಡಿತು. ತಲೆಯೂ ಬಾಲವೂ ಹತ್ತಿರ ಬಂದು ಕೂಡಿದವು. ಅತಿಥಿಯೇ ನಿಂತು ತನ್ನ ಮನೆಯನ್ನು ಕಟ್ಟಿಸಿಕೊಂಡಂತಾಯಿತು.

1967ರಲ್ಲಿ ಪೆಡರ್ಸನ್ನರು ಇದನ್ನೆಲ್ಲ ಪ್ರಕಟಿಸಿದರು. ಅದರಿಂದ ಸ್ಫೂರ್ತಿಗೊಂಡು ಫ್ರಾನ್ಸಿನ ಜಾನ್ ಮಾರಿ ಲೇನ್ ಮತ್ತು ಅಮೆರಿಕದ ಡೊನಾಲ್ಡ್ ಕ್ರಾಮ್ ಎಂಬವರು ಉಂಗುರದಿಂದ ಪಂಜರದವರೆಗೆ ಈ ವಿದ್ಯೆಯನ್ನು ಬೆಳೆಸಿದರು. ಮೂವರಿಗೂ 1987ರಲ್ಲಿ ನೊಬೆಲ್ ದೊರೆಯಿತು. ಡಾಕ್ಟರೇಟಿಲ್ಲದ ಆ ನೌಕರರು ನಿವೃತ್ತರಾಗಿ 18 ವರ್ಷಗಳಾಗಿದ್ದವು. 1989ರಲ್ಲಿ ಅವರು ತೀರಿಕೊಂಡರು.

ಈ ಕಿರೀಟದ ಉಪಯೋಗವೇನು? ಉಪ್ಪು ಎಣ್ಣೆಯಲ್ಲಿ ಕರಗದೆಂದು ಅಡಿಗೆಮನೆಯಲ್ಲಿರುವವರಿಗೆಲ್ಲ ಗೊತ್ತು. ಒಗ್ಗರಣೆಯ ಎಣ್ಣೆಗೆ ಉಪ್ಪು ಹಾಕಿದರೆ ಅದು ತಳದಲ್ಲಿ ಹಾಗೆಯೇ ಕೂರುತ್ತದೆ. ಬಾವಿಯ ನೀರಿಗೆ ಹಾಕುವ ಪರ್ಮಾಂಗನೇಟಿನ ನೇರಳೆ ಹರಳೂ ಅಷ್ಟೇ. ಬೆಂಜೀನ್ ಎಂಬ ದ್ರವದಲ್ಲಿ ಅದು ಕರಗದು. ಆದರೆ 18ರ ಕಿರೀಟವನ್ನು ಸ್ವಲ್ಪ ಹಾಕಿದರೆ ಬೆಂಜೀನ್ ನೇರಳೆಯಾಗಿಬಿಡುತ್ತದೆ. ಕಾರಣವೇನೆಂದರೆ ಕಿರೀಟಕ್ಕೆ ಎರಡು ಮುಖಗಳಿವೆ. ಒಳಮುಖದಲ್ಲಿ ಆಮ್ಲಜನಕ, ನೀರು ಅಯಾನನ್ನು ಹಿಡಿದುಕೊಳ್ಳುವುದೂ ತನ್ನ ಆಮ್ಲಜನಕದಿಂದಲೇ. ಹೊರಮುಖದಲ್ಲಿ ಇಂಗಾಲ ಜಲಜನಕಗಳು; ಎಣ್ಣೆಯ ಸ್ವಭಾವವೂ ಅದೇ. ಒಳಗೆ ಅಯಾನಿಗೆ ತನ್ನ ತವರಿನ ನೀರಿನಲ್ಲಿ ಇದ್ದಂತಿರುತ್ತದೆ; ಹೊರಗೆ ಎಣ್ಣೆಗೆ ತನ್ನವನೇ ಬಂದಂತೆ ತೋರುತ್ತದೆ. ಪೊಟಾಸಿಯಂ ಹೀಗೆ ಒಳಗೆ ನೆಮ್ಮದಿಯಾಗಿ ಕುಳಿತಾಗ, ಅದರ ಜೊತೆಯ ಪರ್ಮಾಂಗನೇಟ್ ಕಟ್ಟು ಸಡಿಲವಾಗಿ ಮೊದಲಿಗಿಂತ ಹುರುಪಿನಿಂದ ಕೆಲಸಮಾಡುತ್ತದೆ. ಔಷಧಗಳನ್ನೂ ಸೂಕ್ಷ್ಮ ರಾಸಾಯನಿಕಗಳನ್ನೂ ತಯಾರಿಸುವವರಿಗೆ ಇದರಿಂದ ಹೊಸ ದಾರಿ ತೆರೆಯಿತು.

ಪ್ರಕೃತಿಯಲ್ಲಿಯೂ ಇಂಥ ಕಿರೀಟವುಂಟು. ವ್ಯಾಲಿನೊಮೈಸಿನ್ ಎಂಬುದು ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ 36 ಪರಮಾಣುಗಳ ಉಂಗುರ. ಅದು ಸೋಡಿಯಮನ್ನು ಬಿಟ್ಟು ಪೊಟಾಸಿಯಮನ್ನೇ ಆರಿಸಿ ಹಿಡಿಯುತ್ತದೆ. ನಮ್ಮ ಹಿರಿಯರಿಗೆ ಆಯಾಸ ಬಂದು ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ರಕ್ತದ ಸೋಡಿಯಂ ಪೊಟಾಸಿಯಂ ಪರೀಕ್ಷೆ ಬರೆದುಕೊಡುವುದನ್ನು ನೀವೆಲ್ಲ ಕಂಡಿದ್ದೀರಿ. ಪೊಟಾಸಿಯಮನ್ನು ಅಳೆಯುವ ಯಂತ್ರದ ತುದಿಯಲ್ಲಿ ಸಾಮಾನ್ಯವಾಗಿ ಪಿ.ವಿ.ಸಿ.ಯ ತೆಳ್ಳನೆಯ ಪೊರೆಯಿರುತ್ತದೆ. ಅದರೊಳಗೆ ಈ ವ್ಯಾಲಿನೊಮೈಸಿನ್ ಇರುತ್ತದೆ. ಸರಪಳಿಯ ಪೊರೆಯಲ್ಲಿ ಉಂಗುರದ ಕಾವಲುಗಾರ! ರಕ್ತದಲ್ಲಿ ಪೊಟಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲಿನಷ್ಟಿರಬೇಕು. ಬಹಳ ಏರಿದರೂ ಇಳಿದರೂ ಹೃದಯದ ಬಡಿತ ತಪ್ಪುತ್ತದೆ.

ಸರಪಳಿಗಳಿಗೂ ಇಂಥ ಜಾಣ್ಮೆಯ ಕೆಲಸವನ್ನು ಕಲಿಸಿದ್ದಾರೆ. ಬರಿಯ ಗಟ್ಟಿತನಕ್ಕಲ್ಲದೆ ಗೊತ್ತಾದ ಒಂದು ಕೆಲಸಕ್ಕಾಗಿ ಕಟ್ಟಿದ ಪಾಲಿಮರ್‌ಗಳು ಇವು. ಕೊಳವೆಬಾವಿಯ ಗಡಸು ನೀರು ಬರುವ ಬಡಾವಣೆಗಳಲ್ಲಿ ನೀರನ್ನು ಮೆದುಮಾಡುವ ಯಂತ್ರಗಳನ್ನು ಕೂರಿಸಿರುತ್ತಾರೆ. ಅದರೊಳಗೆ ಸಾಬೂದಾಣಿಗಿಂತ ಸಣ್ಣ ಮಣಿಗಳಿರುತ್ತವೆ. ನನ್ನ ಬಿಲ್ಲುಗಳಲ್ಲಿ ಬರುವ ರೆಸಿನ್‌ಗಳಲ್ಲಿ ಇದೂ ಒಂದು. ಮಣಿಯ ಸರಪಳಿಗಳಿಗೆ ಗಂಧಕದ ಕೊಕ್ಕೆಗಳಿದ್ದು ಒಂದೊಂದು ಕೊಕ್ಕೆಯೂ ಒಂದೊಂದು ಸೋಡಿಯಮನ್ನು ಹಿಡಿದಿರುತ್ತದೆ. ಗಡಸು ನೀರಿನ ಒಂದು ಕ್ಯಾಲ್ಸಿಯಂ ಬಂದು ಕುಳಿತರೆ ಎರಡು ಸೋಡಿಯಂ ಎದ್ದುಹೋಗುತ್ತವೆ. ಮಣಿಗಳು ತುಂಬಿದ ಮೇಲೆ ಉಪ್ಪಿನ ನೀರು ಹಾಯಿಸಿದರೆ ಮತ್ತೆ ಮೊದಲಿನಂತಾಗುತ್ತವೆ. ಜಮೆ ಖರ್ಚು ಎರಡೂ ಸರಿಹೊಂದುವ ಈ ಲೆಕ್ಕ ನಮ್ಮಂಥವರಿಗೆ ಬಹಳ ಹಿಡಿಸುತ್ತದೆ. ಇದೇ ಜಾತಿಯ ರೆಸಿನ್ ಪುಡಿಯನ್ನು ಮೂತ್ರಪಿಂಡದ ರೋಗಿಗಳಿಗೆ, ರಕ್ತದಲ್ಲಿ ಪೊಟಾಸಿಯಂ ಏರಿದಾಗ, ವೈದ್ಯರು ಕೊಡುವುದುಂಟು. ಅದು ಕರುಳಿನಲ್ಲಿ ಪೊಟಾಸಿಯಮನ್ನು ಹಿಡಿದು ಹೊರಹಾಕುತ್ತದೆ. ಇಂಥ ಮಣಿಗಳಿಗೇ ಸರಪಳಿಯ ಒಂದು ತುದಿಯನ್ನು ಕಟ್ಟಿ, ಕೊಂಡಿಗಳನ್ನು ಒಂದೊಂದಾಗಿ ಸೇರಿಸುತ್ತ, ಮಿಕ್ಕದ್ದನ್ನು ತೊಳೆದುಬಿಡುವ ಕ್ರಮವನ್ನು ಅಮೆರಿಕದ ಮೆರಿಫೀಲ್ಡರು 1963ರಲ್ಲಿ ಪ್ರಕಟಿಸಿದರು. ದೇಹದ ಪ್ರೋಟೀನಿನಂಥ ಔಷಧಗಳನ್ನು ತಯಾರಿಸಲು ಅದೇ ಹೆದ್ದಾರಿಯಾಯಿತು; 1984ರಲ್ಲಿ ಅವರಿಗೂ ನೊಬೆಲ್ ಬಂದಿತು.

ಈ ಎಲ್ಲ ಹಿಡಿತಗಳಲ್ಲಿ ಒಂದು ಅಳತೆಯಿದೆ. ವ್ಯಾಲಿನೊಮೈಸಿನ್ ಜೀವಕೋಶದ ಪೊರೆಯ ಈಚೆ ಬದಿಯಲ್ಲಿ ಪೊಟಾಸಿಯಮನ್ನು ಹಿಡಿದು, ಆಚೆ ಬದಿಯಲ್ಲಿ ಬಿಟ್ಟುಕೊಡುತ್ತದೆ. ಹಿಡಿಯಲಾರದ ಉಂಗುರ ಯಾರನ್ನೂ ದಾಟಿಸದು. ಅತಿ ಬಿಗಿಯಾಗಿ ಹಿಡಿಯುವ ಪಂಜರವೂ ದಾಟಿಸದು, ಏಕೆಂದರೆ ಅದು ಆಚೆ ದಡದಲ್ಲಿ ಕೈಬಿಡುವುದಿಲ್ಲ. ಹಿಡಿಯಲೂ ಬೇಕು, ಬಿಡಲೂ ಬೇಕು.

ಇದನ್ನು ಓದಿದಾಗ ನನಗೆ ನಮ್ಮ ಸಂಘ ನೆನಪಾಯಿತು. ನಾವು ನೀರಿನಿಂದ ಎಣ್ಣೆಗೆ ಬಂದ ಉಪ್ಪು. ಈ ನಗರ ನಮಗೆ ಅನ್ನ ಕೊಟ್ಟಿದೆ, ಅದನ್ನು ಮರೆಯಬಾರದು. ಆದರೂ ಬಂದ ಹೊಸದರಲ್ಲಿ ಕರಗದೆ ತಳದಲ್ಲಿ ಕುಳಿತ ದಿನಗಳು ಎಲ್ಲರಿಗೂ ನೆನಪಿವೆ. ಸಂಘವನ್ನು ಯಾರೋ ಮೊದಲೇ ಕಟ್ಟಿಟ್ಟಿರಲಿಲ್ಲ; ಬಂದವರ ಸುತ್ತಲೇ ಅದು ಸುತ್ತಿಕೊಂಡಿತು. ಒಳಗೆ ಕನ್ನಡದ ಮಾತು, ಹೊರಗೆ ನಗರದ ನಡೆನುಡಿ, ಈ ಎರಡು ಮುಖಗಳಿಂದಲೇ ಅದು ನಮ್ಮನ್ನು ಇಲ್ಲಿ ಬೆರೆಯಿಸಿತು. ಆದರೆ ಮಕ್ಕಳ ವಿಷಯದಲ್ಲಿ ನಾವು ಎರಡು ತುದಿಗಳಿಗೆ ಹೋಗುತ್ತಿದ್ದೇವೆಯೇ ಎಂದು ನನಗೆ ಅನುಮಾನ. ಕೆಲವರು ಕೈ ಪೂರ್ತಿ ಬಿಟ್ಟಿದ್ದಾರೆ. ಮಗುವಿಗೆ ಕನ್ನಡವೇ ಬೇಡ ಎನ್ನುತ್ತಾರೆ. ಕೆಲವರು ಪಂಜರದಂತೆ ಹಿಡಿಯುತ್ತಾರೆ. ವರ್ಷಕ್ಕೊಮ್ಮೆ ವೇಷ ಹಾಕಿಸಿ ಬಾಯಿಪಾಠ ಒಪ್ಪಿಸುವುದೇ ಕನ್ನಡವೆಂದು ಭಾವಿಸುತ್ತಾರೆ.

ನಮ್ಮ ಮನೆಗಳಲ್ಲಿ ಮಕ್ಕಳು ಕನ್ನಡದಲ್ಲಿ ನೀರು ಕೇಳುತ್ತಾರೆ, ಊಟ ಕೇಳುತ್ತಾರೆ. ಏಕೆ, ಹೇಗೆ ಎಂದು ಕೇಳಬೇಕಾದಾಗ ಬೇರೆ ಭಾಷೆಗೆ ಹೊರಳುತ್ತಾರೆ. ಪ್ರಶ್ನೆ ಕೇಳಲು ಒದಗದ ಭಾಷೆ ಅಡಿಗೆಮನೆಯಲ್ಲಿಯೇ ಮುದಿಯಾಗುತ್ತದೆ. ಈ ಅಪಾಯವನ್ನು ಕಂಡೇ ನೂರು ವರ್ಷಗಳಿಗೂ ಹಿಂದೆ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಲು ಶ್ರಮಪಟ್ಟರು. ನಾವಿರುವುದು ರಾಷ್ಟ್ರೀಯ ರಸಾಯನ ಪ್ರಯೋಗಾಲಯ 1950ರಿಂದ ನೆಲಸಿರುವ ನಗರದಲ್ಲಿ. ರಸಾಯನಶಾಸ್ತ್ರ ಬಲ್ಲ ಕನ್ನಡಿಗರಿಗೆ ಇಲ್ಲಿ ಬರವಿಲ್ಲ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ತಿಂಗಳಿಗೊಂದು ಗಂಟೆ, ಮಕ್ಕಳು ಏಕೆ ಎಂದು ಕೇಳಲು, ತಿಳಿದವರು ಕನ್ನಡದಲ್ಲಿ ಉತ್ತರಿಸಲು ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಬೇಡಿಕೊಳ್ಳುತ್ತೇನೆ. ಮೊದಲ ಗಂಟೆಗೆ ಬೇಕಾದ ಸಾಮಾನು ಹೆಚ್ಚಿಲ್ಲ: ಉಪ್ಪು, ಎಣ್ಣೆ, ಒಂದು ಗಾಜಿನ ಲೋಟ.

ಈ ಮಹಾನಗರದ ಜನಸಂಖ್ಯೆಯಲ್ಲಿ ನಾವೆಷ್ಟು ಮಂದಿ, ನಮ್ಮಿಂದೇನಾದೀತು ಎಂದು ಕೆಲವರು ಕೇಳಬಹುದು. ಪೆಡರ್ಸನ್ನರ ಪಾತ್ರೆಯಲ್ಲಿ ಬೆಳ್ಳನೆಯ ಎಳೆಗಳು ಎಷ್ಟಿದ್ದವೆಂಬುದನ್ನು ಈಗಾಗಲೇ ಹೇಳಿದ್ದೇನೆ.